ಕೊನೆ ದಿನವೇ ಕಾರ್ಡ್ ಬಿಲ್ ಕಟ್ಟಿದ್ದೆ, ಆದರೂ ಲೇಟ್ ಫೀ ಹಾಕಿದ್ದಾರೆ. ಏನು ಮಾಡಲಿ?

ಹೊಲಿಗೆಮನೆ_ದಾವಣಗೆರೆ | ನವೆಂಬರ್ 16

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿದು ಕೊಡುತ್ತೇನೆ. ಹನ್ನೊಂದು ವರ್ಷವಾಯಿತು. ಕ್ರೆಡಿಟ್ ಕಾರ್ಡ್ ತೆಗೆದುಕೊಂಡು ಎರಡು ವರ್ಷ. ಇಲ್ಲಿಯವರೆಗೆ ಒಂದು ತಿಂಗಳೂ ಬಾಕಿ ಉಳಿಸಿಲ್ಲ.

ಸೆಪ್ಟೆಂಬರ್ 28ಕ್ಕೆ ಕಾರ್ಡಿನಲ್ಲಿ ಒಂದು ಓವರ್‌ಲಾಕ್ ಮಷಿನ್ ತಗೊಂಡೆ, 16,500 ರೂಪಾಯಿ. ಅಕ್ಟೋಬರ್ 10ಕ್ಕೆ ಚೌಕಿಪೇಟೆಯಲ್ಲಿ ಲೈನಿಂಗ್ ಬಟ್ಟೆ, ಫಾಲ್ಸು, ದಾರ ಅಂತ 2,142. ಅಕ್ಟೋಬರ್ 16ಕ್ಕೆ ಬಿಲ್ ಬಂತು. ಒಟ್ಟು 18,642. ಕಟ್ಟಲು ಕೊನೆ ದಿನ ನವೆಂಬರ್ 5.

ದೀಪಾವಳಿ ಬ್ಲೌಸ್‌ಗಳ ದುಡ್ಡು ನಮ್ಮ ಕೈಗೆ ಬರುವುದೇ ಹಬ್ಬ ಕಳೆದ ಮೇಲೆ. ಹಬ್ಬದ ಹಿಂದಿನ ದಿನ ಬಟ್ಟೆ ಒಯ್ಯುತ್ತಾರೆ, 'ಆಮೇಲೆ ಕೊಡ್ತೀನಿ ಅಕ್ಕ' ಅನ್ನುತ್ತಾರೆ. ಎಲ್ಲರ ಹತ್ತಿರ ಕೇಳಿ ಕೂಡಿಸುವಷ್ಟರಲ್ಲಿ 5ನೇ ತಾರೀಕು ಸಂಜೆ ಆಯಿತು. ರಾತ್ರಿ 9 ಗಂಟೆ 10 ನಿಮಿಷಕ್ಕೆ ಫೋನಿನ ಆ್ಯಪ್‌ನಲ್ಲಿ ಪೂರ್ತಿ 18,642 ಕಟ್ಟಿದೆ. ನನ್ನ ಉಳಿತಾಯ ಖಾತೆಯಿಂದ ದುಡ್ಡು ಕಟ್ ಆದ ಮೆಸೇಜು ಆಗಲೇ ಬಂತು. ಆ್ಯಪ್‌ನಲ್ಲಿ ಮಾತ್ರ 'ಪ್ರೊಸೆಸಿಂಗ್' ಅಂತಲೇ ಇತ್ತು. ಅವತ್ತು ರಾತ್ರಿ ಎರಡು ಸಲ ಎದ್ದು ನೋಡಿದೆ. ಮಾರನೇ ದಿನ 'ಸಕ್ಸಸ್' ಅಂತ ಬಂತು. ಆದರೆ ಕಾರ್ಡಿಗೆ ಜಮಾ ಆಗಿದ್ದು 7ನೇ ತಾರೀಕು ಮಧ್ಯಾಹ್ನ.

ಇವತ್ತು ಹೊಸ ಬಿಲ್ ಬಂದಿದೆ. 6ನೇ ತಾರೀಕಿಗೇ ಲೇಟ್ ಫೀ 750 ಹಾಕಿದ್ದಾರೆ. ಅದರ ಮೇಲೆ ಜಿಎಸ್‌ಟಿ 135. ಬಡ್ಡಿ 828.47. ಬಡ್ಡಿಗೂ ಜಿಎಸ್‌ಟಿ 149.12. ಎಲ್ಲ ಸೇರಿ 1,862 ರೂಪಾಯಿ 59 ಪೈಸೆ. ಲೈನಿಂಗ್ ಬ್ಲೌಸ್ ಒಂದಕ್ಕೆ ನಾನು ತಗೊಳ್ಳುವುದು 350. ಐದು ಬ್ಲೌಸ್ ಹೊಲಿದರೂ ಇಷ್ಟು ಬರುವುದಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಕಾಯಿಸಿ, 'ದುಡ್ಡು ತಡವಾಗಿ ಬಂದಿದೆ, ಸಿಸ್ಟಮ್ ಹಾಕಿದ್ದು, ನಾವೇನೂ ಮಾಡೋಕಾಗಲ್ಲ' ಅಂದರು. ಬ್ಯಾಂಕಿನ ಹೆಸರು ಇಲ್ಲಿ ಬರೆಯುವುದಿಲ್ಲ. ನನಗೆ ಜಗಳ ಬೇಕಿಲ್ಲ, ಉತ್ತರ ಬೇಕು.

ಕೊನೆ ದಿನ ಮುಗಿಯುವ ಮೊದಲೇ ನನ್ನ ಖಾತೆಯಿಂದ ದುಡ್ಡು ಹೋಗಿದೆ. ಹಾಗಿರುವಾಗ ತಡ ಮಾಡಿದವಳು ನಾನು ಹೇಗಾಗುತ್ತೇನೆ? ಈ 1,862 ಈಗ ಕಟ್ಟಬೇಕಾ, ಬಿಡಬೇಕಾ? ಇನ್ನೊಂದು ಚಿಂತೆ ಇದಕ್ಕಿಂತ ದೊಡ್ಡದು. ಜನವರಿಯಲ್ಲಿ ಮುದ್ರಾ ಸಾಲಕ್ಕೆ ಅರ್ಜಿ ಹಾಕಬೇಕು ಅಂತಿದ್ದೇನೆ. ಇದರಿಂದ ಸಾಲ ಕೊಡುವವರು ನೋಡುವ ಸಿಬಿಲ್ ಸ್ಕೋರ್ ಕೆಟ್ಟುಹೋಗುತ್ತಾ? ತಿಳಿದವರು ದಯವಿಟ್ಟು ಹೇಳಿ.

ಮಲ್ಲಿಗೆ_ಬಳ್ಳಿ | ನವೆಂಬರ್ 16

ಅಕ್ಕ, ಮೊದಲು ಆ ಆ್ಯಪ್‌ನ ರಸೀದಿ, ಖಾತೆಯಿಂದ ದುಡ್ಡು ಕಟ್ ಆದ ಮೆಸೇಜು, ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಫೋನ್ ಕೆಟ್ಟರೂ ಸಿಗುವ ಹಾಗೆ ಮನೆಯಲ್ಲಿ ಇನ್ನೊಬ್ಬರಿಗೂ ಕಳಿಸಿಡಿ. ಲೇಟ್ ಫೀಗೆ ಮೂರು ದಿನದ ನಿಯಮ ಒಂದಿದೆ ಅಂತ ನನಗೆ ಗೊತ್ತು. ಪೂರ್ತಿ ತಿಳಿದವರು ಬಿಡಿಸಿ ಹೇಳಲಿ.

ಹಳೇ_ಕ್ಯಾಷಿಯರ್ | ನವೆಂಬರ್ 16

ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು, ಈಗ ತೀರ್ಥಹಳ್ಳಿಯಲ್ಲಿದ್ದೇನೆ. ತಂಗಿ, ನಿಮ್ಮ ಲೇಟ್ ಫೀ ಬೇರೆ, ಬಡ್ಡಿ ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ಕೇಳಿದರೆ ಅವರು ಎರಡಕ್ಕೂ ಒಂದೇ 'ಆಗಲ್ಲ' ಹೇಳಿ ಫೋನ್ ಇಡುತ್ತಾರೆ. ಬಿಡಿಬಿಡಿಯಾಗಿ ಕೇಳಿ.

ಲೇಟ್ ಫೀ ವಿಷಯದಲ್ಲಿ ನೀವು ಯಾರನ್ನೂ ಬೇಡಿಕೊಳ್ಳಬೇಕಿಲ್ಲ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಕ್ರೆಡಿಟ್ ಕಾರ್ಡ್‌ಗಳ ಬಗ್ಗೆ ನಿರ್ದೇಶನ ಹೊರಡಿಸಿತು. ಆ ವರ್ಷದ ಜುಲೈ 1ರಿಂದ ಜಾರಿಗೆ ಬಂತು. ಕೊನೆ ದಿನ ಕಳೆದು ಮೂರು ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಮಾತ್ರ ಲೇಟ್ ಫೀ ಹಾಕಬಹುದು ಅಂತ ಅದರಲ್ಲಿ ಬಂತು. ನಿಮ್ಮ ಕೊನೆ ದಿನ 5. ಮೂರು ದಿನ ಅಂದರೆ 8. ದುಡ್ಡು ಅವರ ಕೈ ಸೇರಿದ್ದು 7ಕ್ಕೆ. ಅಂದರೆ ಅವರು ಹೇಳುವ ತಾರೀಕನ್ನೇ ಒಪ್ಪಿಕೊಂಡರೂ ಆ 750 ನಿಲ್ಲುವುದಿಲ್ಲ. ಅದು ಹೋದರೆ 135 ಕೂಡ ಹೋಗಬೇಕು. 6ನೇ ತಾರೀಕಿಗೇ ಹಾಕಿದ್ದಾರೆ ಅನ್ನುವುದು ಬಿಲ್‌ನಲ್ಲೇ ಅಚ್ಚಾಗಿದೆಯಲ್ಲ, ಅದಕ್ಕಿಂತ ಸಾಕ್ಷಿ ಬೇಕಾ?

ನಿಮ್ಮ ಸಿಬಿಲ್ ಚಿಂತೆಗೂ ಇದೇ ಉತ್ತರ. ಸಾಲದ ಮಾಹಿತಿ ಇಟ್ಟುಕೊಳ್ಳುವ ಕಂಪನಿಗಳಿಗೆ 'ಬಾಕಿ ಉಳಿಸಿದ್ದಾರೆ' ಅಂತ ವರದಿ ಮಾಡುವುದಕ್ಕೂ ಅದೇ ಮೂರು ದಿನದ ಮಿತಿ ಇದೆ. ಆ ಕಂಪನಿಗಳು ವರ್ಷಕ್ಕೊಂದು ವರದಿಯನ್ನು ಪುಕ್ಕಟೆ ಕೊಡಬೇಕು. ಡಿಸೆಂಬರ್‌ನಲ್ಲಿ ತೆಗೆದು ಕಣ್ಣಾರೆ ನೋಡಿಕೊಳ್ಳಿ.

ಬಡ್ಡಿ ಸ್ವಲ್ಪ ಕಷ್ಟದ್ದು. ಆ ಮೂರು ದಿನ ಲೇಟ್ ಫೀಯಿಂದ ಕಾಪಾಡುತ್ತದೆ, ಬಡ್ಡಿಯಿಂದ ಕಾಪಾಡುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೊನೆ ದಿನದೊಳಗೆ ಪೂರ್ತಿ ಬರಲಿಲ್ಲ ಅಂದರೆ ಬಡ್ಡಿ ಹಾಕುವುದು ಎರಡು ದಿನಕ್ಕಲ್ಲ, ನೀವು ಸಾಮಾನು ಕೊಂಡ ದಿನದಿಂದ. ನಿಮ್ಮ ಲೆಕ್ಕ ನಾನು ಕೂತು ಹಾಕಿ ನೋಡಿದೆ. ತಿಂಗಳಿಗೆ ಮೂರೂವರೆ, ಅಂದರೆ ವರ್ಷಕ್ಕೆ ಶೇಕಡ 42. ಮಷಿನ್‌ನ 16,500ಕ್ಕೆ ಸೆಪ್ಟೆಂಬರ್ 28ರಿಂದ ನವೆಂಬರ್ 7ರವರೆಗೆ 40 ದಿನ: 759.45. ಚೌಕಿಪೇಟೆಯ 2,142ಕ್ಕೆ 28 ದಿನ: 69.01. ಕೂಡಿಸಿದರೆ ಪೈಸೆ ವ್ಯತ್ಯಾಸದಲ್ಲಿ ಅವರ 828.47 ಬರುತ್ತದೆ. ಅಂದರೆ ಲೆಕ್ಕ ತಪ್ಪಿಲ್ಲ, ಹಿಡಿದಿರುವ ತಾರೀಕು ತಪ್ಪು. ನೀವು ಕಟ್ಟಿದ್ದು 5ಕ್ಕೆ ಅಂತ ಒಪ್ಪಿದರೆ ಬಡ್ಡಿ ಪೂರ್ತಿ ಹೋಗುತ್ತದೆ. ಹಾಗಾಗಿ ಬಡ್ಡಿ ವಿಷಯದಲ್ಲಿ ನೀವು ಹಿಡಿಯಬೇಕಾದದ್ದು ಆ ರಸೀದಿಯನ್ನೇ.

ರಸೀದಿಯಲ್ಲಿ 'ಭಾರತ್ ಕನೆಕ್ಟ್' ಗುರುತು ಇದೆಯಾ ನೋಡಿ. ಮೊದಲು ಅದಕ್ಕೆ ಭಾರತ್ ಬಿಲ್ ಪೇಮೆಂಟ್ ಸಿಸ್ಟಮ್ ಅನ್ನುತ್ತಿದ್ದರು. ಇದ್ದರೆ ಅದರಲ್ಲಿ ಒಂದು ಟ್ರಾನ್ಸಾಕ್ಷನ್ ನಂಬರ್, ಸಮಯ ಇರುತ್ತದೆ. ಆ ನಂಬರ್ ಇಟ್ಟುಕೊಂಡು ಆ್ಯಪ್‌ನಲ್ಲೂ ಒಂದು ದೂರು ಹಾಕಿ.

ಫೋನ್ ಸಾಕು, ಇನ್ನು ಬರೆಯಿರಿ. ಮೇಲ್‌ನಲ್ಲಿ ಇಷ್ಟೇ ಇರಲಿ: 'ನವೆಂಬರ್ 5ರ ರಾತ್ರಿ 9.10ಕ್ಕೆ 18,642 ರೂ. ಪಾವತಿಸಿದ್ದೇನೆ, ರಸೀದಿ ಲಗತ್ತಿಸಿದೆ. ನಿಮ್ಮ ದಾಖಲೆಯ ಪ್ರಕಾರವೇ 7ರಂದು ಜಮಾ ಆಗಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಲೇಟ್ ಫೀ ಮತ್ತು ಅದರ ಜಿಎಸ್‌ಟಿ ವಾಪಸ್ ಮಾಡಿ. ಪಾವತಿ ದಿನವನ್ನು 5 ಎಂದು ಪರಿಗಣಿಸಿ ಬಡ್ಡಿಯನ್ನೂ ವಾಪಸ್ ಮಾಡಿ.' ದೂರಿನ ನಂಬರ್ ಕೇಳಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿಸಿದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಹೇಗೆ ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಿ ಕೇಳಬಹುದು.

ಕೊನೆಯದಾಗಿ, ಈ ಸಲದ ಬಿಲ್ ಪೂರ್ತಿ ಕಟ್ಟಿಬಿಡಿ, ಆ 1,862 ಸೇರಿಸಿಯೇ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಅದನ್ನು ಉಳಿಸಿಕೊಂಡು ಜಗಳಕ್ಕೆ ಕೂತರೆ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕಟ್ಟಿ, ಆಮೇಲೆ ವಾಪಸ್ ಕೇಳಿ.

ಹೊಲಿಗೆಮನೆ_ದಾವಣಗೆರೆ | ನವೆಂಬರ್ 16

ಸರ್, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಬಡ್ಡಿ ಎರಡು ದಿನಕ್ಕೆ ಇಷ್ಟಾಯಿತಾ ಅಂತ ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದೆ. ನೀವು ಲೆಕ್ಕ ಬಿಡಿಸಿದ ಮೇಲೆ ಅರ್ಥ ಆಯಿತು. ರಸೀದಿಯಲ್ಲಿ ಭಾರತ್ ಕನೆಕ್ಟ್ ಗುರುತು ಇದೆ. ನಾಳೆ ಮೇಲ್ ಕಳಿಸುತ್ತೇನೆ. ಬ್ಯಾಂಕಿನ ದೂರು ವಿಭಾಗದ ನಂಬರ್ ಗೂಗಲ್‌ನಲ್ಲಿ ಹುಡುಕುತ್ತಿದ್ದೇನೆ. ನಾಲ್ಕೈದು ನಂಬರ್ ತೋರಿಸುತ್ತಿದೆ.

ತುಂಗೆಯ_ದಡ | ನವೆಂಬರ್ 16

ಅಕ್ಕ, ದಯವಿಟ್ಟು ನಿಲ್ಲಿ! ಗೂಗಲ್‌ನಲ್ಲಿ ಸಿಕ್ಕ ನಂಬರ್‌ಗೆ ಫೋನ್ ಮಾಡಬೇಡಿ. ನಮ್ಮ ಚಿಕ್ಕಪ್ಪನಿಗೆ ಆದದ್ದು ಇದೇ. ಅವರೂ ಎರಡು ಸಲ ಕಟ್ ಆದ ಕಾರ್ಡ್ ಬಿಲ್ ವಾಪಸ್ ಕೇಳಲು ನಂಬರ್ ಹುಡುಕಿದ್ದರು. ಎತ್ತಿದವನು ಬಹಳ ಮರ್ಯಾದೆಯಿಂದ, ಚೆನ್ನಾಗಿ ಕನ್ನಡದಲ್ಲೇ ಮಾತಾಡಿದನಂತೆ. 'ರಿಫಂಡ್ ಫಾರಂ ತುಂಬಲು ಸಹಾಯ ಮಾಡ್ತೀನಿ' ಅಂತ ಒಂದು ಆ್ಯಪ್ ಹಾಕಿಸಿದ. ಅದರಿಂದ ಚಿಕ್ಕಪ್ಪನ ಫೋನ್ ಪರದೆ ಅವನಿಗೆ ಕಾಣುತ್ತಿತ್ತು. ಬಂದ ಒಟಿಪಿ ಎಲ್ಲ ಅವನು ಓದಿಕೊಂಡ. ಹತ್ತು ನಿಮಿಷದಲ್ಲಿ 42,000 ಹೋಯಿತು. ತೋಟದ ಕೂಲಿಗೆ ಇಟ್ಟಿದ್ದ ದುಡ್ಡು. ಮನೆಯಲ್ಲಿ ಹೇಳಲು ನಾಚಿಕೆಪಟ್ಟು ಎರಡು ದಿನ ಸುಮ್ನೆ ಇದ್ದುಬಿಟ್ಟರು. ನಮಗೆ ಇವತ್ತಿಗೂ ನೋವಿರುವುದು ಆ ಎರಡು ದಿನಕ್ಕೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ದುಡ್ಡು ತಡೆಯುವ ದಾರಿ ಇರುತ್ತಿತ್ತು.

ನಿಮ್ಮ ಕಾರ್ಡಿನ ಹಿಂದೆಯೇ ಬ್ಯಾಂಕಿನ ನಂಬರ್ ಅಚ್ಚಾಗಿದೆ. ಬಿಲ್‌ನ ಕೊನೆಯಲ್ಲೂ ಇರುತ್ತದೆ. ದೂರು ಅಧಿಕಾರಿಯ ಮೇಲ್ ವಿಳಾಸ ಬ್ಯಾಂಕಿನ ಸ್ವಂತ ಜಾಲತಾಣದಲ್ಲಿ ಸಿಗುತ್ತದೆ. ಬೇರೆ ಎಲ್ಲಿಂದಲೂ ತೆಗೆದುಕೊಳ್ಳಬೇಡಿ. ದುಡ್ಡು ವಾಪಸ್ ಕೊಡುವವರಿಗೆ ನಿಮ್ಮ ಒಟಿಪಿ ಬೇಕಾಗುವುದಿಲ್ಲ.

ಹೊಲಿಗೆಮನೆ_ದಾವಣಗೆರೆ | ನವೆಂಬರ್ 16

ಅಯ್ಯೋ, ಒಂದು ನಂಬರ್ ಆಗಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ. ಹರಿದು ಹಾಕಿದೆ. ಚಿಕ್ಕಪ್ಪನವರ ವಿಷಯ ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಅವರು ನಾಚಿಕೆಪಡುವಂಥದ್ದು ಏನೂ ಇಲ್ಲ ಅಂತ ನನ್ನ ಪರವಾಗಿ ಹೇಳಿ.

ರಾತ್ರಿಪಾಳಿ_ಬೆಂಗಳೂರು | ನವೆಂಬರ್ 17

ಅಕ್ಕ, ಮುಂದಕ್ಕೆ ಎರಡು ವಿಷಯ. ನಿಮ್ಮ ಕಷ್ಟ ಬಂದಿದ್ದೇ 5ನೇ ತಾರೀಕಿನಿಂದ. ನಿಮ್ಮ ಕೈಗೆ ದುಡ್ಡು ಬರುವ ಹೊತ್ತು ಬೇರೆ, ಬಿಲ್ ಕೇಳುವ ಹೊತ್ತು ಬೇರೆ. ಬಿಲ್ಲಿಂಗ್ ದಿನ ಬದಲಿಸಿಕೊಳ್ಳುವ ಅವಕಾಶವನ್ನು ಬ್ಯಾಂಕ್ ಒಮ್ಮೆಯಾದರೂ ಕೊಡಲೇಬೇಕು, ಅದೂ ರಿಸರ್ವ್ ಬ್ಯಾಂಕ್ ನಿಯಮವೇ. ನಿಮಗೆ ಅನುಕೂಲದ ದಿನ ಕೇಳಿಕೊಳ್ಳಿ.

ಎರಡನೆಯದು ಆಟೋ ಡೆಬಿಟ್, ಅಂದರೆ ಬಿಲ್ ದುಡ್ಡು ಖಾತೆಯಿಂದ ತಾನಾಗೇ ಕಟ್ ಆಗುವುದು. ಹಾಕಿಕೊಂಡರೆ 'ಟೋಟಲ್ ಡ್ಯೂ' (ಪೂರ್ತಿ ಬಿಲ್) ಅಂತಲೇ ಆರಿಸಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನೋಡದೆ 'ಮಿನಿಮಮ್ ಡ್ಯೂ' (ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಇಟ್ಟಿದ್ದೆ. ಪ್ರತಿ ತಿಂಗಳು ದುಡ್ಡು ಕಟ್ ಆಗುತ್ತಿತ್ತು, ಎಲ್ಲ ಸರಿಯಿದೆ ಅಂದುಕೊಂಡೆ. ಏಳು ತಿಂಗಳು ಬಡ್ಡಿ ಕಟ್ಟಿದ ಮೇಲೆ ಗೊತ್ತಾಯಿತು. ಮಿನಿಮಮ್ ಕಟ್ಟಿದರೆ ಲೇಟ್ ಫೀ ಬರುವುದಿಲ್ಲ ಅಷ್ಟೇ, ಉಳಿದದ್ದಕ್ಕೆಲ್ಲ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಹಳೇ_ಕ್ಯಾಷಿಯರ್ | ನವೆಂಬರ್ 17

ಹುಡುಗ ಸರಿಯಾಗಿ ಹೇಳಿದ್ದಾನೆ. ಇನ್ನೊಂದು ಸೇರಿಸುತ್ತೇನೆ. ಕೆಲವರು ನೆಫ್ಟ್‌ನಲ್ಲಿ (ಒಂದು ಖಾತೆಯಿಂದ ಇನ್ನೊಂದಕ್ಕೆ ದುಡ್ಡು ಕಳಿಸುವ ವ್ಯವಸ್ಥೆ) 16 ಅಂಕಿಯ ಕಾರ್ಡ್ ನಂಬರನ್ನೇ ಖಾತೆ ನಂಬರ್ ಅಂತ ಹಾಕಿ ಕಟ್ಟುತ್ತಾರೆ. ಅದು ಒಳ್ಳೆಯ ದಾರಿಯೇ. 2019ರ ಡಿಸೆಂಬರ್‌ನಿಂದ ಭಾನುವಾರ, ರಾತ್ರಿ ಅನ್ನದೆ ನಡೆಯುತ್ತದೆ. ಆದರೆ ದುಡ್ಡು ಹೋಗುವುದು ನಂಬರ್ ನೋಡಿ. ಒಂದು ಅಂಕಿ ತಪ್ಪಿದರೂ ಹಿಂದೆ ಅಲೆಯಬೇಕು. ಮೊದಲ ಸಲ ಒಂದು ರೂಪಾಯಿ ಕಳಿಸಿ, ಕಾರ್ಡಿಗೆ ಜಮಾ ಆದದ್ದು ನೋಡಿ, ಆಮೇಲೆ ಉಳಿದದ್ದು ಕಳಿಸಿ. ಯಾವ ದಾರಿಯಲ್ಲಿ ಕಟ್ಟಿದರೂ ಮೂರ್ನಾಲ್ಕು ದಿನ ಮೊದಲೇ ಕಟ್ಟಿ.

ಹೊಲಿಗೆಮನೆ_ದಾವಣಗೆರೆ | ಡಿಸೆಂಬರ್ 3

ಏನಾಯಿತು ಅಂತ ಹೇಳಲು ಬಂದೆ. 17ಕ್ಕೆ ಮೇಲ್ ಕಳಿಸಿದೆ, ಸರ್ ಬರೆದುಕೊಟ್ಟ ಹಾಗೇ. 21ಕ್ಕೆ ಲೇಟ್ ಫೀ 750, ಜಿಎಸ್‌ಟಿ 135, ಎರಡೂ ಕಾರ್ಡಿಗೆ ವಾಪಸ್ ಬಂತು. ಮೆಸೇಜು ನೋಡಿದಾಗ ಮಷಿನ್ ಮೇಲೆ ಕೂತಿದ್ದೆ, ಹಾಗೇ ಎದ್ದು ಹೋಗಿ ಅತ್ತೆಗೆ ತೋರಿಸಿದೆ. ಬಿಲ್ ಪೂರ್ತಿ ಕಟ್ಟಿದ್ದೇನೆ, ಈ ಸಲ ನವೆಂಬರ್ 30ಕ್ಕೇ.

ಬಡ್ಡಿಗೆ ಮಾತ್ರ ಮೊದಲು 'ಸಾಧ್ಯವಿಲ್ಲ' ಅಂತ ಎರಡು ಸಾಲು ಬರೆದಿದ್ದರು. ರಸೀದಿ ಲಗತ್ತಿಸಿ ಅವರ ಮೇಲಿನ ಅಧಿಕಾರಿಗೆ ಮತ್ತೆ ಬರೆದಿದ್ದೇನೆ. ಪರಿಶೀಲಿಸುತ್ತಿದ್ದೇವೆ ಅಂದಿದ್ದಾರೆ. ಡಿಸೆಂಬರ್ 17ಕ್ಕೆ 30 ದಿನ ಆಗುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಕೆಂಪು ಚಾಕ್ ಗುರುತು ಹಾಕಿದ್ದೇನೆ. ಅಲ್ಲಿಯವರೆಗೆ ಆಗದಿದ್ದರೆ ಓಂಬುಡ್ಸ್‌ಮನ್‌ಗೆ ಹಾಕುವುದೇ. 977 ರೂಪಾಯಿ 59 ಪೈಸೆಗೆ ಇಷ್ಟೊಂದಾ ಅಂತ ನಮ್ಮ ಯಜಮಾನರು ಕೇಳಿದರು. ಹೌದು ಅಂದೆ. ಅದು ನನ್ನ ದುಡಿಮೆ.

ಕೊನೆ ದಿನ ಬದಲಿಸಲು ಅರ್ಜಿ ಕೊಟ್ಟಿದ್ದೇನೆ. ಸಾಲದ ವರದಿಯೂ ತೆಗೆಸಿ ನೋಡಿದೆ. ಆ ಕಾರ್ಡಿನ ಮುಂದೆ ತಡ ಅಂತ ಎಲ್ಲೂ ಇಲ್ಲ. ಮುದ್ರಾ ಅರ್ಜಿಗೆ ಕಾಗದ ಜೋಡಿಸುತ್ತಿದ್ದೇನೆ.