ಮುಳುಗಡೆ ಮನೆಗಳ ಚಿತ್ರಪ್ರದರ್ಶನ: ಫರಸಿಕಲ್ಲಿನ ಗೋಡೆ, ಮೇ ತಿಂಗಳ ಬಿಸಿಲು

ಪಡಸಾಲಿ (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಯಾದಗಿರಿ ಕಡೆಯ ಕಲಾವಿದೆಯೊಬ್ಬರ ಪ್ರದರ್ಶನ ಮೇ ತಿಂಗಳಲ್ಲಿ ಇಲ್ಲಿ ಆಗಲಿದೆ. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿಗೆ ಹೋದ ಮನೆಗಳೇ ವಸ್ತು: ಹೊಸ್ತಿಲು, ಗೋಡೆಯ ಮಾಡ, ಬೆಳಕಿಂಡಿ, ಹಗೇವು (ಕಾಳು ತುಂಬಿಡುವ ನೆಲದ ಕುಣಿ). 4 ಅಡಿ ಅಗಲ, 3 ಅಡಿ ಎತ್ತರದ ತೈಲವರ್ಣ 14, ಜಲವರ್ಣ 12, ಜೊತೆಗೆ ಅಂಥದೊಂದು ಮನೆಯ ಬಾಗಿಲ ಚೌಕಟ್ಟು. ಹಾಲ್‌ನ ಗೋಡೆ ಶಹಾಬಾದ್ ಫರಸಿಕಲ್ಲಿನದು, ಮೊಳೆ ಹಿಡಿಯೋದಿಲ್ಲ. ಚಿತ್ರ ಹ್ಯಾಂಗ ತೂಗುಹಾಕೋದು, ತಿಳಿದವರು ಹೇಳ್ರಿ.

ಚೌಕಟ್ಟುಗಾರ:
ಕಲ್ಲಿಗೆ ಡ್ರಿಲ್ ಹಾಕಬ್ಯಾಡ್ರಿ. ಅದು ಪದರುಪದರಾದ ಸುಣ್ಣಕಲ್ಲು, ಅಂಚಿಗೆ ಹ್ಯಾಮರ್ ಪೆಟ್ಟು ಬಿದ್ದರೆ ಚಕ್ಕೆ ಏಳ್ತದ. ತೂತು ಹಾಕಲೇಬೇಕಂದ್ರೆ ಕಲ್ಲುಗಳ ನಡುವಿನ ಗಾರೆಗೆ ಹಾಕ್ರಿ, ಹ್ಯಾಮರ್ ಬಂದ್ ಇಟ್ಟು, 6 ಎಂಎಂ ಬಿಟ್‌ನಿಂದ. ಅದಕ್ಕಿಂತ ಮ್ಯಾಲಿನ ತೊಲೆಗೆ ಜಿಐ ಪೈಪ್ ಬಿಗಿದು ಅದರಿಂದ ಸ್ಟೀಲ್ ಕೇಬಲ್ ಇಳಿಬಿಡೋದು ಚಲೋ. ಒಂದು ಚಿತ್ರಕ್ಕ ಎರಡು ಕೇಬಲ್. ನೈಲಾನ್ ದಾರ ಭಾರಕ್ಕ ಹಿಗ್ಗತದ, ಎರಡು ದಿನಕ್ಕ ಚಿತ್ರ ಒಂದು ಕಡೆ ವಾಲತದ.

ಚಿತ್ರದ ನಡುಮಧ್ಯ ನೆಲದಿಂದ 58 ಇಂಚಿಗೆ ಬರಲಿ. ನಿಮ್ಮ 36 ಇಂಚಿನ ಚಿತ್ರಕ್ಕ 58ಕ್ಕ ಅರ್ಧ ಎತ್ತರ 18 ಕೂಡಿಸಿ, ಚಿತ್ರದ ಹಿಂದಿನ ರಿಂಗ್ ಮೇಲಂಚಿನಿಂದ 6 ಇಂಚು ಕೆಳಗಿದ್ರೆ ಅದನ್ನ ಕಳೀರಿ: ಕೊಕ್ಕೆ 70 ಇಂಚಿಗೆ. ರಿಂಗ್ ಇನ್ನೂ ಕೆಳಗ ಹಾಕಿದ್ರೆ ಚಿತ್ರ ಮುಂದಕ್ಕ ಬಾಗತದ.

ಬಣ್ಣದಡಬ್ಬಿ (ಬೀದರ್):
ಗೋಡೆಗಿಂತ ನನಗೆ ಬಿಸಿಲಿನದೇ ಚಿಂತೆ. ತೈಲವರ್ಣದ ಮೇಲೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಬೇಡಿ. ಬಿಸಿಗೆ ಬಣ್ಣ ಮೆತ್ತಗಾಗಿ ಗುಳ್ಳೆಗಳ ಗುಂಡು ಗುರುತು ಉಳಿಯುತ್ತದೆ, ಆಮೇಲೆ ಹೋಗೋದಿಲ್ಲ. ನಾಲ್ಕು ಮೂಲೆಗೂ ದಪ್ಪ ರಟ್ಟಿನ ಟೋಪಿ ಹಾಕಿ, ಬಣ್ಣದ ಮುಖಕ್ಕೆ ಏನೂ ತಾಗದಂತೆ ನಿಲ್ಲಿಸಿ ತನ್ನಿ. ಗಾಡಿ ನಸುಕಿನಲ್ಲೇ ಹೊರಡಲಿ.

ಜಲವರ್ಣಕ್ಕೆ ಸೆಲ್ಲೋಟೇಪ್ ಬೇಡವೇ ಬೇಡ, ಅಂಟು ಕಂದಾಗಿ ಕಾಗದಕ್ಕೆ ಇಳಿಯುತ್ತದೆ. ಮೇಲಂಚಿಗೆ ಮಾತ್ರ ಎರಡು ತೆಳು ಕಾಗದದ ಪಟ್ಟಿ, ಗೋಧಿಗಂಜಿಯಿಂದ ಅಂಟಿಸಿ. ನಾಲ್ಕೂ ಅಂಚು ಅಂಟಿಸಿದರೆ ಕಾಗದಕ್ಕೆ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ. ಗಾಜು ಕಾಗದಕ್ಕೆ ತಾಗದಂತೆ ನಡುವೆ 2 ಎಂಎಂ ಮೌಂಟ್ ಬೋರ್ಡ್ (ಅಂಚಿನ ರಟ್ಟು) ಇರಲಿ. ಕೂಲರ್‌ನ ಒದ್ದೆ ಗಾಳಿ ಜಲವರ್ಣದ ಗೋಡೆಗೆ ಬೀಸಲೇಬಾರದು. ಮೇನಲ್ಲಿ ಕೂಲರ್ ಇಲ್ಲದೆ ಹಾಲ್‌ನಲ್ಲಿ ಯಾರೂ ನಿಲ್ಲೋದಿಲ್ಲ ನಿಜ, ಅದಕ್ಕೇ ಜಲವರ್ಣಗಳನ್ನು ಕೂಲರ್ ಗಾಳಿ ತಾಗದ ದೂರದ ಮೂಲೆಗೆ ಒಯ್ಯಿರಿ.

ಬೆಳಕು ಜಲವರ್ಣಕ್ಕೆ 50 ಲಕ್ಸ್ (ಬೆಳಕಿನ ಅಳತೆ), ತೈಲವರ್ಣಕ್ಕೆ 200 ಸಾಕು. ದೀಪ ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳಲಿ, ಗಾಜು ಹೊಳೆಯೋದಿಲ್ಲ.

ಬೆಳಕಿಂಡಿ:
ಜೋಡಣೆಯ ಬಗ್ಗೆ ಒಂದು ಮಾತು. ಎಲ್ಲವನ್ನೂ 58 ಇಂಚಿಗೇ ಹಾಕೋದನ್ನು ನಾನು ಒಪ್ಪೋದಿಲ್ಲ. ಮಾಡದ ಚಿತ್ರವನ್ನು 44 ಇಂಚಿಗೆ ಇಳಿಸಿ, ಮುಂದೆ ಒಂದು ಚಾಪೆ ಹಾಸಿ. ಮಾಡದಲ್ಲಿನ ದೀಪದ ಮಸಿ ಕಾಣೋದು ನೆಲದಲ್ಲಿ ಕೂತವರಿಗೆ. ಬೆಳಕಿಂಡಿಯದನ್ನು ತಲೆ ಎತ್ತಿ ನೋಡುವಷ್ಟು ಮೇಲೆ ಹಾಕಿ. ಮನೆ ಕಳಕೊಂಡವರಿಗೆ ಈ ಎತ್ತರಗಳು ಮೈಗೆ ಗೊತ್ತು, ಅವರು ಬಂದಾಗ ಅದು ತಪ್ಪಬಾರದು.

ಚಿತ್ರದ ಪಕ್ಕದ ಚೀಟಿಯಲ್ಲಿ ಊರಿನ ಹೆಸರನ್ನು ಕಡತದಲ್ಲಿ ಇದ್ದಂತಲ್ಲ, ಆ ಊರಿನವರು ಕರೆಯುತ್ತಿದ್ದಂತೆ ಬರೆಸಿ, ಅಕ್ಷರ 24 ಪಾಯಿಂಟ್‌ಗಿಂತ ಸಣ್ಣದು ಬೇಡ. ಹಿರಿಯರು ಓದಬೇಕಲ್ಲ.

ಪಡಸಾಲಿ:
44 ಇಂಚಿನ ಮಾತು ಕಲಾವಿದೆಗೂ ಹಿಡಿಸಿತು. ಬಾಗಿಲ ಚೌಕಟ್ಟನ್ನು ಪ್ರವೇಶದಲ್ಲೇ ನಿಲ್ಲಿಸಿ, ಜನ ಅದನ್ನು ದಾಟಿ ಬರುವಂತೆ ಮಾಡಬಹುದಾ?

ಚೌಕಟ್ಟುಗಾರ:
ಮಾಡ್ರಿ, ಆದ್ರೆ ಮೊದಲು ಗೆದ್ದಲು ನೋಡ್ರಿ. ಸ್ಕ್ರೂಡ್ರೈವರ್ ಮೊನೆಯಿಂದ ಬುಡ ಒತ್ತಿದಾಗ ಒಳಗ ಹೋದ್ರೆ ಅದು ಭಾರ ತಡೆಯಂಗಿಲ್ಲ. ಹಿಂದಿನಿಂದ ಎರಡೂ ಕಾಲಿಗೆ ಕಬ್ಬಿಣದ ಆಂಗಲ್ ಆಸರೆ ಕೊಟ್ಟು, ಪ್ಲೈವುಡ್ ತಳಕ್ಕ ಬಿಗಿದು, ಅದರ ಮ್ಯಾಲ ಮರಳಿನ ಚೀಲ ಹೇರ್ರಿ. ಧೂಳು ಒಣ ಬ್ರಷ್‌ನಿಂದ ತೆಗೀರಿ. ನೀರು ತಾಗಿಸಬ್ಯಾಡ್ರಿ, ವರ್ಷಗಟ್ಟಲೆ ಹಚ್ಚಿದ ಅರಿಶಿನ ಕುಂಕುಮ ಹೋಗತದ.

ಹೊಸ್ತಿಲು 5 ಇಂಚು ಎತ್ತರ ಇದ್ರೆ ಗಾಲಿಕುರ್ಚಿಗೆ 5 ಅಡಿ ಉದ್ದದ ಇಳಿಜಾರು ಬೇಕು, ಒಳಗ ಒಂದು, ಹೊರಗ ಒಂದು. ಜಾಗ ಇಲ್ಲಂದ್ರೆ ಪಕ್ಕದಾಗ ಇನ್ನೊಂದು ದಾರಿ ಬಿಡ್ರಿ.

ಬೆಳಕಿಂಡಿ:
‘ಹೊಸ್ತಿಲು ತುಳಿಯಬೇಡಿ’ ಅಂತ ಬೋರ್ಡ್ ಹಾಕಬೇಡಿ. ನಮ್ಮ ಕಡೆ ಯಾರೂ ತುಳಿಯೋದಿಲ್ಲ.