ಸ್ಥಿರ ಪಿವಟ್, ಸಡಿಲ ಪಿವಟ್: ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಪ್ರಶ್ನೆ: ಮೂರನೇ ತರಗತಿ ಮಕ್ಕಳಿಂದ ರಟ್ಟಿನಲ್ಲಿ ಚಲಿಸುವ ಚಿತ್ರ ಮಾಡಿಸುತ್ತಿದ್ದೇನೆ. ಲಿವರ್ ಅಂದರೆ ಪಿವಟ್ ಎಂಬ ಬಿಂದುವಿನ ಸುತ್ತ ತಿರುಗುವ ಪಟ್ಟಿ ಅಂತ ಗೊತ್ತಾಗಿದೆ, ಆದರೆ ಸ್ಥಿರ ಪಿವಟ್ ಯಾವುದು, ಸಡಿಲ ಪಿವಟ್ ಯಾವುದು ಅಂದಾಗ ಎಲ್ಲರಿಗೂ ಗೊಂದಲ. ಏನು ಮಾಡಲಿ?

ಉತ್ತರ 1: ಪಿನ್ ಎಲ್ಲೆಲ್ಲಿ ತೂರಿದೆ ಅಂತ ನೋಡಿಸಿ. ಪಟ್ಟಿಯ ಜೊತೆ ಹಿಂದಿನ ರಟ್ಟಿಗೂ ತೂರಿದ್ದರೆ ಸ್ಥಿರ ಪಿವಟ್, ಅದು ಜಾಗ ಬಿಟ್ಟು ಕದಲುವುದಿಲ್ಲ. ಎರಡು ಪಟ್ಟಿಗಳನ್ನು ಮಾತ್ರ ಜೋಡಿಸಿದ್ದರೆ ಸಡಿಲ ಪಿವಟ್, ಪಟ್ಟಿಗಳ ಜೊತೆ ಅದೂ ಓಡಾಡುತ್ತದೆ. ಹೀಗೆ ಜೋಡಿಸಿದ ಲಿವರ್‌ಗಳೇ ಲಿಂಕೇಜ್.

ಉತ್ತರ 2: ಇನ್‌ಪುಟ್, ಔಟ್‌ಪುಟ್ ಕೂಡ ಇಲ್ಲೇ ಹೇಳಿಬಿಡಿ. ಕೈಯಿಂದ ತಳ್ಳುವುದು ಇನ್‌ಪುಟ್, ಚಿತ್ರದ ಹಕ್ಕಿ ರೆಕ್ಕೆ ಎತ್ತುವುದು ಔಟ್‌ಪುಟ್. ಸ್ಥಿರ ಪಿವಟ್ಟನ್ನು ಕೈ ಹಿಡಿಯುವ ತುದಿಯ ಹತ್ತಿರ ತಂದರೆ ರೆಕ್ಕೆ ಜಾಸ್ತಿ ಏಳುತ್ತದೆ, ಅಲ್ವಾ? ಅದನ್ನು ಮಕ್ಕಳೇ ಕಂಡುಕೊಳ್ಳಲಿ.

ಉತ್ತರ 3: ದಯವಿಟ್ಟು ಸುಮ್ನೆ ವ್ಯಾಖ್ಯೆ ಬರೆಸಬೇಡಿ. ಮಾಡಿ ನೋಡಲಿ, ಆಮೇಲೆ ಹೆಸರು ಹೇಳಿ.