ಆದೇಶ ಬರುವವರೆಗೆ ಕಾಯುವುದಾ, ಈಗಲೇ ಹೊರಡುವುದಾ?

ರಾಗಿಮುದ್ದೆ_ವ್ಯಾಲಿ (2025 ಜನವರಿ 11, ಶನಿವಾರ ಬೆಳಗ್ಗೆ)

ಲಾಸ್ ಏಂಜಲೀಸ್ ಸುತ್ತ ಇರುವ ಕನ್ನಡದವರು ಯಾರಾದರೂ ಒಂದು ದಾರಿ ಹೇಳಿ. ನಮ್ಮ ಮನೆ ಎನ್ಸಿನೋದಲ್ಲಿ, ಗುಡ್ಡದ ಬುಡದಲ್ಲಿದೆ. ಮಂಗಳವಾರ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಹತ್ತಿದ ಬೆಂಕಿ ಸಮುದ್ರದ ಕಡೆ ಹೋಯಿತು, ನಮಗೇನೂ ಆಗಲ್ಲ ಅಂದುಕೊಂಡಿದ್ದೆವು. ನಿನ್ನೆ ಸಂಜೆ ಅದು ಈ ಕಡೆ ತಿರುಗಿದೆ. ಮ್ಯಾಂಡೆವಿಲ್ ಕ್ಯಾನಿಯನ್ನಿಂದ ಗುಡ್ಡ ಹತ್ತುತ್ತಿದೆ. ರಾತ್ರಿಯೆಲ್ಲ ಹಿತ್ತಲಿನಿಂದ ಆಕಾಶ ಕೆಂಪಗೆ ಕಾಣುತ್ತಿತ್ತು. ಗೆಟ್ಟಿ ಮ್ಯೂಸಿಯಂ ಇರುವ ಗುಡ್ಡಕ್ಕೂ ಖಾಲಿ ಮಾಡುವ ಆದೇಶ ಬಂದಿದೆ. ನಮ್ಮ ಬೀದಿಗೆ ಇನ್ನೂ ಆದೇಶ ಇಲ್ಲ. ಬರೀ ಎಚ್ಚರಿಕೆ.

ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಅಪ್ಪನಿಗೆ 76, ಮಂಡಿ ನೋವು ಬೇರೆ. ನಮ್ಮ ಯಜಮಾನರು "ಆದೇಶ ಬರಲಿ, ಹತ್ತು ನಿಮಿಷದಲ್ಲಿ ಹೊರಡೋಣ" ಅಂತಾರೆ. ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ. ಅಮ್ಮ ದೇವರ ದೀಪ ಆರಿಸಿ ಬರಲ್ಲ ಅಂತ ಹಟ ಹಿಡಿದಿದ್ದಾರೆ. ಕಾಡುಬೆಂಕಿಗೆ ಹೆದರಿ ಹೊರಡುವಾಗ ದೀಪ ಆರಿಸೋದು ಹೇಗೆ ಅಂತ ಚರ್ಚೆ ನಡೀತಿದೆ ನಮ್ಮ ಮನೆಯಲ್ಲಿ!

ಸಾಂಟಾರೋಸಾ_ಹಳಬ

ಹೊರಡಿ ತಾಯಿ. ಈ ಕಾಮೆಂಟ್ ಓದಿ ಮುಗಿಸುವ ಮೊದಲು ಅಪ್ಪನನ್ನು ಕಾರಿನಲ್ಲಿ ಕೂರಿಸಿ.

2017ರ ಅಕ್ಟೋಬರ್ 8ರ ರಾತ್ರಿ ನಾನು ಉತ್ತರ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿದ್ದೆ. ಟಬ್ಸ್ ಬೆಂಕಿ ಹತ್ತಿದ್ದು ಕ್ಯಾಲಿಸ್ಟೋಗಾ ಹತ್ತಿರ, ರಾತ್ರಿ ಹತ್ತರ ಸುಮಾರಿಗೆ. ಮಧ್ಯೆ ಒಂದು ಬೆಟ್ಟಸಾಲೇ ಇತ್ತು. ಬೆಳಗಾಗುವ ಮೊದಲೇ ಅದು ನಮ್ಮ ಊರೊಳಗೆ ಬಂದು, ಆರು ಸಾಲಿನ 101 ಹೆದ್ದಾರಿ ಹಾರಿ, ಕಾಫೀ ಪಾರ್ಕ್ ಬಡಾವಣೆಯನ್ನು ನುಂಗಿತು. ಅಲ್ಲಿ ಕಾಡೇ ಇಲ್ಲ. ಸಾಲು ಮನೆಗಳು, ಹುಲ್ಲು ಹಾಸು ಅಷ್ಟೇ. 22 ಜನ ಸತ್ತರು. ಆ ರಾತ್ರಿ ನನ್ನ ಫೋನಿಗೆ ಒಂದೇ ಒಂದು ಅಲರ್ಟ್ ಬರಲಿಲ್ಲ. ಪಕ್ಕದ ಮನೆಯಾಕೆ ಬಾಗಿಲು ಬಡಿದಿದ್ದಕ್ಕೆ ನಾನು ಈಗ ಇಲ್ಲಿ ಟೈಪ್ ಮಾಡ್ತಿದ್ದೀನಿ.

ಲೆಕ್ಕದ_ಮನುಷ್ಯ

ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಈ ವಾರದ ಕಥೆ ಉಲ್ಟಾ. ಅಲರ್ಟ್ ಬರ್ತಿಲ್ಲ ಅನ್ನೋದಲ್ಲ, ಸುಮ್ಸುಮ್ನೆ ಬರ್ತಿದೆ. ಗುರುವಾರ ಸಂಜೆ ಇಡೀ ಕೌಂಟಿಗೆ, ಸುಮಾರು 1 ಕೋಟಿ ಜನಕ್ಕೆ, ತಪ್ಪಿ ಎಚ್ಚರಿಕೆ ಹೋಯಿತು. ಶುಕ್ರವಾರ ಬೆಳಗಿನ ಜಾವ 4ಕ್ಕೆ ಇನ್ನೊಂದು. ನನ್ನ ಮಗಳು ಎದ್ದು ಅಳೋಕೆ ಶುರು ಮಾಡಿದಳು. ಪ್ರತಿ ಸಲ ಗಂಟುಮೂಟೆ ಕಟ್ಟೋಕಾಗುತ್ತಾ?

ಇನ್ನೊಂದು ಮಾತು, ಯಾರೂ ಬಾಯಿಬಿಟ್ಟು ಹೇಳಲ್ಲ. ನನ್ನ ಮನೆ ವಿಮೆಯಲ್ಲಿ ಆದೇಶ ಬಂದು ಹೊರಟರೆ ಹೋಟೆಲ್ ಖರ್ಚು ಸಿಗುತ್ತದೆ. ಎಚ್ಚರಿಕೆಗೇ ಹೊರಟರೆ ನನ್ನ ಜೇಬಿನಿಂದ. ಐದು ಜನಕ್ಕೆ ನಾಲ್ಕು ರಾತ್ರಿ ಲೆಕ್ಕ ಹಾಕಿ ನೋಡಿ. ಮತ್ತೆ ಎಲ್ಲರೂ ಒಟ್ಟಿಗೆ ಹೊರಟರೆ ಏನಾಗುತ್ತೆ ಅಂತ ಮಂಗಳವಾರ ಪ್ಯಾಲಿಸೇಡ್ಸ್ ರಸ್ತೆಯಲ್ಲಿ ನೋಡಿದ್ದೇವಲ್ಲ. ಜನ ಕಾರು ಬಿಟ್ಟು ಓಡಿದರು. ಫೈರ್ ಎಂಜಿನ್ ಹೋಗೋಕೆ ಬುಲ್ಡೋಜರ್ ತಂದು ಆ ಕಾರುಗಳನ್ನು ಪಕ್ಕಕ್ಕೆ ತಳ್ಳಬೇಕಾಯಿತು.

ಫಿಲ್ಟರ್_ಕಾಫಿ_ಪ್ಯಾಸಡೀನಾ

ಆ ಕಾರುಗಳು ಸಿಕ್ಕಿಹಾಕಿಕೊಂಡದ್ದು ಜನ ಬೇಗ ಹೊರಟಿದ್ದಕ್ಕಲ್ಲ, ಎಲ್ಲರೂ ಒಂದೇ ಹೊತ್ತಿಗೆ ಹೊರಟಿದ್ದಕ್ಕೆ. ಎಚ್ಚರಿಕೆ ಅಂತ ಒಂದು ಹಂತ ಇಟ್ಟಿರೋದೇ ಅದಕ್ಕೆ. ವಯಸ್ಸಾದವರು, ಮಕ್ಕಳು, ಕುದುರೆ ನಾಯಿ ಇರುವವರು ಮೊದಲು ಹೊರಡಲಿ, ಆಮೇಲೆ ರಸ್ತೆ ಉಳಿದವರಿಗೆ ಅಂತ. 76 ವರ್ಷದ ಅಪ್ಪ ಇರುವ ಮನೆಗೆ ಎಚ್ಚರಿಕೆ ಅಂದರೆ ಆದೇಶ ಅಂತಲೇ ಓದಿಕೊಳ್ಳಬೇಕು.

2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟಾಗ 85 ಜನ ಹೋದರು. ಹೆಚ್ಚಿನವರು ವಯಸ್ಸಾದವರು. ಅವರಿಗೆ ಹತ್ತು ನಿಮಿಷ ಸಾಲುವುದಿಲ್ಲ. ನಿಮ್ಮ ಯಜಮಾನರ "ಹತ್ತು ನಿಮಿಷ" ಅವರ ಮಂಡಿಯ ಲೆಕ್ಕ ರೀ, ನಿಮ್ಮ ಅಪ್ಪನ ಮಂಡಿಯದ್ದಲ್ಲ.

ಗುಂಡ್ಲುಪೇಟೆ_ಹೈದ

ನಮ್ಮ ಕಡೆಯವರು ಇಷ್ಟು ಹೆದರಿದರೆ ಹೆಂಗೆ? ಬಂಡೀಪುರದ ಅಂಚಿನಲ್ಲಿ ಹುಟ್ಟಿ ಬೆಳೆದವನು ನಾನು. 2019ರ ಫೆಬ್ರವರಿಯಲ್ಲಿ ಅಷ್ಟು ದೊಡ್ಡ ಕಾಳ್ಗಿಚ್ಚು ಬಂತು, ವಾಯುಪಡೆ ಹೆಲಿಕಾಪ್ಟರ್ ನೀರು ಸುರಿಯಬೇಕಾಯಿತು. ಅರಣ್ಯದ ವಾಚರ್‌ಗಳು, ಊರಿನ ಹುಡುಗರು ಹಸಿ ಸೊಪ್ಪು ಹಿಡಿದು ಬಡಿದೇ ಬೆಂಕಿ ಆರಿಸಿದ್ದು. ಗಂಡಸರು ಇಬ್ಬರು ಇದ್ದು ಚಾವಣಿಗೆ ಪೈಪಿನಲ್ಲಿ ನೀರು ಹೊಡೀತಾ ಇದ್ರೆ ಮನೆ ಉಳಿಯಲ್ವಾ? ಹೆಂಗಸರು ಮಕ್ಕಳು ಹೋಗಲಿ.

ಸಾಂಟಾರೋಸಾ_ಹಳಬ

ಹೈದ, ನಿಮ್ಮ ಧೈರ್ಯ ದೊಡ್ಡದು. ಬೆಂಕಿ ಬೇರೆ.

ಬಂಡೀಪುರದಲ್ಲಿ ಸಾಮಾನ್ಯವಾಗಿ ನೆಲದ ತರಗೆಲೆ, ಹುಲ್ಲು, ಲಂಟಾನ ಉರಿಯುತ್ತದೆ. ಬೆಂಕಿ ರೇಖೆ (ಬೆಂಕಿ ದಾಟದ ಹಾಗೆ ಗಿಡ ಸವರಿದ ಪಟ್ಟಿ) ಮೊದಲೇ ಕಡಿದಿದ್ದರೆ, ಗಾಳಿ ಇಲ್ಲದಿದ್ದರೆ, ಸೊಪ್ಪಿಗೆ ಬಗ್ಗುತ್ತದೆ. ಇಲ್ಲಿನ ಗುಡ್ಡದ ಕುರುಚಲು ಗಿಡಗಳಲ್ಲಿ ಎಣ್ಣೆ ಅಂಶ ಜಾಸ್ತಿ. ಅದರ ಮೇಲೆ ಸಾಂಟಾ ಆನಾ ಗಾಳಿ. ಒಳನಾಡಿನ ಮರುಭೂಮಿಯಿಂದ ಬೆಟ್ಟ ಇಳಿದು ಸಮುದ್ರದ ಕಡೆ ಬರುತ್ತದೆ. ಇಳಿಯುತ್ತಾ ಇಳಿಯುತ್ತಾ ಬಿಸಿಯಾಗುತ್ತದೆ, ಒಣಗುತ್ತದೆ. ಈ ವಾರ ಕೆಲವು ಕಡೆ ಗಂಟೆಗೆ 80 ಮೈಲಿ ಮೀರಿತು. ಲಾಸ್ ಏಂಜಲೀಸ್ ಡೌನ್‌ಟೌನ್‌ನಲ್ಲಿ ಕಳೆದ ಮೇ ಆರಂಭದಿಂದ ಬಿದ್ದ ಮಳೆ 0.16 ಇಂಚು. ನಿಮ್ಮೂರಲ್ಲಿ ಒಂದು ಲೋಟ ಟೀ ಕುಡಿಯೋಷ್ಟರಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತೆ.

ಮನೆ ಸುಡೋದು ಎದುರಿಗೆ ಬರೋ ಜ್ವಾಲೆಯಿಂದಲೇ ಅಲ್ಲ. ಹೆಚ್ಚಿನ ಸಲ ಕಿಡಿ, ಕೆಂಡದ ಚೂರು ಹಾರಿ ಬಂದು ಅಟ್ಟದ ಗಾಳಿಕಿಂಡಿಯೊಳಗೆ ಕೂರುತ್ತದೆ. ಮನೆಗಳೋ, ಮರದ ಚೌಕಟ್ಟಿನವು. ನೀವು ಚಾವಣಿಗೆ ನೀರು ಹೊಡೀತಾ ಇರ್ತೀರಿ, ಕೆಂಡ ನಿಮ್ಮ ಕಾಲಡಿಯ ಅಟ್ಟದಲ್ಲಿ ಇರುತ್ತದೆ.

ಲೆಕ್ಕದ_ಮನುಷ್ಯ

ಇಷ್ಟು ಹೊತ್ತಿನಲ್ಲಿ ನನಗೆ ಒಪ್ಪಿಗೆಯಾದ ಮೊದಲ ಮಾತು ಇದು. ನೀರಿನ ವಿಷಯ ನಾನೂ ಸೇರಿಸ್ತೀನಿ. ಪ್ಯಾಲಿಸೇಡ್ಸ್ ಗುಡ್ಡಕ್ಕೆ ನೀರು ಕೊಡುವ ಮೂರು ಟ್ಯಾಂಕುಗಳು, ಒಂದೊಂದು ಸುಮಾರು 10 ಲಕ್ಷ ಗ್ಯಾಲನ್‌ನವು, ಬುಧವಾರ ಬೆಳಗಿನ ಜಾವ 3ರ ಹೊತ್ತಿಗೆ ಖಾಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ಗಾದೆ ಇದೆಯಲ್ಲ. ಇಲ್ಲಿ ಬಾವಿ ಮೊದಲೇ ತೋಡಿತ್ತು, ನೀರೇ ಬರಲಿಲ್ಲ. ನೀವು ನಲ್ಲಿ ತೆರೆದಿಟ್ಟು ಹೋದರೆ ಅಗ್ನಿಶಾಮಕದವರ ಪೈಪಿನಲ್ಲಿ ಒತ್ತಡ ಕಮ್ಮಿ ಆಗುತ್ತದೆ.

ಆದರೂ ನನ್ನ ಮಾತು ಅದೇ. ನನ್ನ ಮನೆ ಶರ್ಮನ್ ಓಕ್ಸ್‌ನಲ್ಲಿ, ಸಮತಟ್ಟು ಜಾಗ. ಎಲ್ಲರಿಗೂ ಒಂದೇ ಉಪದೇಶ ಬೇಡ. ನಾನು ಕಾರು ತಿರುಗಿಸಿ ನಿಲ್ಲಿಸಿದ್ದೀನಿ, ಪೆಟ್ರೋಲ್ ಟ್ಯಾಂಕ್ ತುಂಬಿದೆ, ಕಾಯ್ತೀನಿ.

ಜಯನಗರ_4ನೇ_ಬ್ಲಾಕ್

ಗುಡ್ಡದ ಮೇಲೆ ಕೋಟಿಗಟ್ಟಲೆ ಕೊಟ್ಟು ಮನೆ ತಗೊಂಡಾಗ ಗೊತ್ತಿರಲಿಲ್ವಾ? ಈಗ ಕಣ್ಣೀರು.

ಫಿಲ್ಟರ್_ಕಾಫಿ_ಪ್ಯಾಸಡೀನಾ

ಜಯನಗರದವರೇ, ಅದೇ ಮಂಗಳವಾರ ನಮ್ಮ ಕಡೆ ಹತ್ತಿದ ಇನ್ನೊಂದು ಬೆಂಕಿ, ಈಟನ್ ಬೆಂಕಿಯಲ್ಲಿ, ಪ್ಯಾಸಡೀನಾ ಪಕ್ಕದ ಆಲ್ಟಡೀನಾದಲ್ಲಿ ಸುಟ್ಟಿದ್ದು ಸಿನಿಮಾ ನಟರ ಬಂಗಲೆಗಳಲ್ಲ. ಕಪ್ಪು ಜನಕ್ಕೆ ಬೇರೆ ಬಡಾವಣೆಗಳಲ್ಲಿ ಮನೆ ಕೊಡದಿದ್ದ ಕಾಲದಲ್ಲಿ ಅವರು ಕಷ್ಟಪಟ್ಟು ಕಟ್ಟಿಕೊಂಡ ಬಡಾವಣೆಗಳೂ ಅದರಲ್ಲಿವೆ. ನಮ್ಮ ಬೀದಿಯಿಂದ ಮೂರು ಮೈಲಿ. ಮಳೆ ಬಂದಾಗ ಬೆಳ್ಳಂದೂರಿನಲ್ಲಿ ಮನೆಯೊಳಗೆ ನೀರು ನುಗ್ಗಿದವರಿಗೂ ಇದೇ ಮಾತು ಹೇಳ್ತೀರಾ?

ರಾಗಿಮುದ್ದೆ ಅಕ್ಕ, ನಾನು ಮಂಗಳವಾರ ರಾತ್ರಿ ಕರೆಂಟ್ ಹೋಗಿದ್ದ ಮನೆಯಿಂದ ಹೊರಟವಳು. ಮಾಡಿದ ತಪ್ಪುಗಳನ್ನು ಹೇಳ್ತೀನಿ. ಗ್ಯಾರೇಜ್ ಬಾಗಿಲು ಮೋಟರ್ ಇಲ್ಲದೆ ಎತ್ತೋದು ಹೇಗೆ ಅಂತ ಗೊತ್ತಿರಲಿಲ್ಲ. ಒಳಗೆ ಮೇಲೆ ಒಂದು ಕೆಂಪು ಹಗ್ಗ ನೇತಾಡುತ್ತೆ, ಅದನ್ನು ಎಳೆದು ಕೈಯಲ್ಲಿ ಎತ್ತಬೇಕು. ಈಗ ಬೆಳಕಿರುವಾಗಲೇ ಒಂದು ಸಲ ಮಾಡಿ ನೋಡಿ. 2017ರ ಬೆಂಕಿಯಲ್ಲಿ ಇದು ಗೊತ್ತಾಗದೆ ಕೆಲವು ವಯಸ್ಸಾದವರು ಸಿಕ್ಕಿಹಾಕಿಕೊಂಡರು, ಆಮೇಲೆ ಹೊಸ ಮೋಟರ್‌ಗಳಿಗೆ ಬ್ಯಾಟರಿ ಇರಲೇಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು.

ಎರಡನೇ ತಪ್ಪು, ಮನೆಯ ವಿಡಿಯೋ ತೆಗೆಯಲಿಲ್ಲ. ಪ್ರತಿ ಕೋಣೆ, ಪ್ರತಿ ಕಪಾಟು ತೆರೆದು ಫೋನಿನಲ್ಲಿ ಹಿಡಿಯಿರಿ. ನಿಮಗೆ ಎಷ್ಟು ರೇಷ್ಮೆ ಸೀರೆ ಇದೆ ಅಂತ ನೆನಪಿನಿಂದ ವಿಮೆಯವರಿಗೆ ಬರೆದುಕೊಡೋಕೆ ಆಗಲ್ಲ. ಪಾಸ್‌ಪೋರ್ಟ್, ವೀಸಾ ಕಾಗದ ಅಂತೂ ಹೇಳಬೇಕಾಗಿಲ್ಲ. ಕಿಟಕಿ ಮುಚ್ಚಿ, ಬಾಗಿಲ ಹತ್ತಿರದ ಕಾಲೊರಸು ಒಳಗೆ ಹಾಕಿ. ಕೆಂಡಕ್ಕೆ ಅದು ಒಳ್ಳೆ ಹಾಸಿಗೆ. ಬೆಂಕಿ ಎಲ್ಲಿದೆ ಅಂತ ತೋರಿಸುವ ವಾಚ್ ಡ್ಯೂಟಿ ಆ್ಯಪ್ ಹಾಕಿಕೊಳ್ಳಿ. ಫೋನ್ ಕಿರುಚೋದನ್ನೇ ನಂಬಿ ಕೂರಬೇಡಿ, ಹಾಗಂತ ಅದನ್ನು ಸೈಲೆಂಟ್ ಮಾಡಲೂಬೇಡಿ.

ರಾಗಿಮುದ್ದೆ_ವ್ಯಾಲಿ

ಕೆಂಪು ಹಗ್ಗ ಎಳೆದೆವು. ಐದು ವರ್ಷದಿಂದ ಈ ಮನೆಯಲ್ಲಿದ್ದೀವಿ, ಆ ಹಗ್ಗ ಯಾಕಿದೆ ಅಂತ ಇವತ್ತು ಗೊತ್ತಾಯಿತು. ಅರ್ವೈನ್‌ನಲ್ಲಿ ನಮ್ಮ ಯಜಮಾನರ ಸ್ನೇಹಿತರ ಮನೆಗೆ ಹೊರಟಿದ್ದೀವಿ. ಹೋಟೆಲ್ ಖರ್ಚಿನ ಮಾತು ಅಲ್ಲಿಗೆ ಮುಗಿಯಿತು ಲೆಕ್ಕದವರೇ. ದೀಪ ಅಮ್ಮನೇ ಹೂವಿನಿಂದ ಆರಿಸಿದರು. ಹಾಗೆ ಮಾಡಿದರೆ ಶಾಂತ ಮಾಡಿದ ಹಾಗಂತೆ, ಆರಿಸಿದ ಹಾಗಲ್ಲವಂತೆ.

ಗುಂಡ್ಲುಪೇಟೆ_ಹೈದ

ಅಮ್ಮನವರಿಗೆ ನಮಸ್ಕಾರ ಹೇಳಿ. ಅಟ್ಟದ ಕೆಂಡದ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಗೆ ಅಟ್ಟವೇ ಇಲ್ಲ. ಹಂಚು.

ಲೆಕ್ಕದ_ಮನುಷ್ಯ

ಸ್ನೇಹಿತರ ಮನೆ ಇರುವವರಿಗೆ ಎಲ್ಲ ಸುಲಭ. ನಾನು ಇಲ್ಲೇ ಇದ್ದೀನಿ.

ಫಿಲ್ಟರ್_ಕಾಫಿ_ಪ್ಯಾಸಡೀನಾ (ಫೆಬ್ರವರಿಯಲ್ಲಿ)

ಹಳೇ ಚರ್ಚೆ, ಆದರೂ ಬರೀತೀನಿ. ಆದೇಶ ಬರುವವರೆಗೆ ಕಾಯೋಣ ಅಂದವರು ಇದನ್ನು ಓದಬೇಕು. ಈಟನ್ ಬೆಂಕಿ ಹತ್ತಿದ್ದು ಜನವರಿ 7ರ ಸಂಜೆ 6 ದಾಟಿದ ಮೇಲೆ. ಆಲ್ಟಡೀನಾದಲ್ಲಿ ಲೇಕ್ ಅವೆನ್ಯೂನ ಪಶ್ಚಿಮಕ್ಕೆ ಆದೇಶ ಹೋಗಿದ್ದು ಮಾರನೇ ದಿನ ಬೆಳಗಿನ ಜಾವ 3 ದಾಟಿದ ಮೇಲೆ. ಅಷ್ಟರಲ್ಲಿ ಅಲ್ಲಿ ಮನೆಗಳು ಉರಿಯುತ್ತಿದ್ದವು. ಆ ಬೆಂಕಿಯಲ್ಲಿ ಸತ್ತವರು ಹೆಚ್ಚುಕಡಿಮೆ ಎಲ್ಲರೂ ಆ ಪಶ್ಚಿಮದ ಕಡೆಯವರು. ಮ್ಯಾಪಿನಲ್ಲಿ ಗೆರೆ ಎಳೆಯುವುದಕ್ಕೂ ಒಬ್ಬ ಮನುಷ್ಯ ಬೇಕು. ಆ ರಾತ್ರಿ ಅವನಿಗೂ ಎಲ್ಲ ಕಾಣ್ತಾ ಇರಲ್ಲ.

ಲೆಕ್ಕದ_ಮನುಷ್ಯ

ಓದಿದೆ. ನಮ್ಮ ಬೀದಿಗೆ ಕೊನೆಗೂ ಏನೂ ಆಗಲಿಲ್ಲ, ಹಾಗಂತ ನಾನು ಗೆದ್ದೆ ಅಂತ ಹೇಳಲ್ಲ. ಮುಂದಿನ ಸಲ ಮಗಳನ್ನೂ ಅವಳ ಅಮ್ಮನನ್ನೂ ಮೊದಲೇ ಕಳಿಸ್ತೀನಿ. ನನ್ನ ವಿಷಯ ಆಮೇಲೆ ನೋಡೋಣ.

ರಾಗಿಮುದ್ದೆ_ವ್ಯಾಲಿ

ನಮ್ಮ ಮನೆಯೂ ಉಳಿಯಿತು. ಹಿತ್ತಲಿನಲ್ಲಿ ಅರ್ಧ ಇಂಚು ಬೂದಿ ಇತ್ತು. ಇಲ್ಲಿ ಹೇಳದೇ ಇದ್ದ ಒಂದು ಮಾತು. ಅವತ್ತು ಪಾಸ್‌ಪೋರ್ಟ್ ತಗೊಂಡೆವು, ಸೀರೆ ವಿಡಿಯೋ ಮಾಡಿದೆವು, ಅಮ್ಮ ಬೆಳ್ಳಿ ದೀಪದ ಜೊತೆ ಮಾವಿನ ಉಪ್ಪಿನಕಾಯಿ ಜಾಡಿಯನ್ನೂ ತಂದರು. ಅಪ್ಪನ ಬಿಪಿ ಮಾತ್ರೆ ಅಡುಗೆಮನೆ ಕಟ್ಟೆಯ ಮೇಲೆ ಉಳಿದಿತ್ತು. ಅರ್ವೈನ್ ತಲುಪಿದ ಮೇಲೆ ಗೊತ್ತಾಯಿತು. ಮಾತ್ರೆಯ ಚೀಟಿ ಮೈಸೂರಿನದ್ದು, ಔಷಧಿ ಅಂಗಡಿಯವರು ಕೊಡಲಿಲ್ಲ. "ಹತ್ತು ನಿಮಿಷದಲ್ಲಿ ಹೊರಡೋಣ" ಅಂದಿದ್ದ ನಮ್ಮ ಯಜಮಾನರು ಅದನ್ನು ತರೋಕೆ ಹೊಗೆಯೊಳಗೆ ಒಬ್ಬರೇ ವಾಪಸ್ ಡ್ರೈವ್ ಮಾಡಿಕೊಂಡು ಹೋದರು. ಬರೋಕೆ ನಾಲ್ಕು ಗಂಟೆ ಹಿಡಿಯಿತು.